ಒಂದೊಂದೇ ಸಾಲು ಕಳಿಸಿದ್ರೂ ಬ್ರೌಸರ್‌ನಲ್ಲಿ ಎಲ್ಲಾ ಒಟ್ಟಿಗೇ ಬರ್ತಿದೆ, ಯಾಕೆ?

ಪ್ರಶ್ನೆ: ಸರ್, ಪಿಎಚ್‌ಪಿಲಿ ಒಂದು ರಿಪೋರ್ಟ್ ಪೇಜ್ ಮಾಡಿದೀನಿ. ಪೂರ್ತಿ ರೆಡಿ ಆಗೋಕೆ 40 ಸೆಕೆಂಡ್ ಹಿಡಿಯುತ್ತೆ, ಅದಕ್ಕೆ ಒಂದೊಂದು ಸಾಲು ಆದ ಹಾಗೇ ಎಕೋ ಮಾಡಿ ಫ್ಲಶ್ (ತಡೆದಿಟ್ಕೊಳ್ಳದೆ ಕೂಡ್ಲೇ ಕಳಿಸೋದು) ಮಾಡ್ತಿದೀನಿ. ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಒಂದೊಂದಾಗೇ ಬರುತ್ತೆ, ಸರ್ವರ್‌ಗೆ ಹಾಕಿದ್ರೆ 40 ಸೆಕೆಂಡ್ ಖಾಲಿ ಪೇಜ್, ಆಮೇಲೆ ಎಲ್ಲಾ ಒಂದೇ ಸಲ. ಪಿಎಚ್‌ಪಿ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದೆ. ವೆಬ್‌ಸಾಕೆಟ್‌ಗೆ ಹೋಗ್ಲೇಬೇಕಾ?

ಉತ್ತರ: ಬೇಡ. ಲ್ಯಾಪ್‌ಟಾಪಲ್ಲಿ ಬರ್ತಿದೆ ಅಂದ್ಮೇಲೆ ನಿಮ್ಮ ಕೋಡ್ ಸರಿ ಇದೆ, ಕಳಿಸಿದ ಸಾಲನ್ನ ದಾರೀಲಿ ಯಾವುದೋ ಬಫರ್ (ಡೇಟಾ ಸ್ವಲ್ಪ ಹೊತ್ತು ಕೂಡಿಡೋ ಜಾಗ) ತಡೆದಿಟ್ಕೊಂಡಿದೆ ಅಷ್ಟೆ. ತುಂಡು ತುಂಡಾಗಿ ಕಳಿಸೋದು ಎಚ್‌ಟಿಟಿಪಿ 1.1ರಲ್ಲೇ ಇದೆ, ಒಟ್ಟು ಅಳತೆ ಮೊದಲೇ ಹೇಳದೆ ಪ್ರತಿ ತುಂಡಿನ ಮುಂದೆ ಅದರದ್ದೇ ಅಳತೆ ಬರೆದು ಕಳಿಸ್ತಾರೆ, ಸೊನ್ನೆ ಅಳತೆ ತುಂಡು ಬಂದ್ರೆ ಮುಗೀತು ಅಂತ ಅರ್ಥ.

ಮೊದಲು ಬ್ರೌಸರ್ ಇಲ್ಲದೆ ಪೇಜ್ ತರಿಸೋ ಕರ್ಲ್ ಕಮಾಂಡನ್ನ ಮೈನಸ್ ದೊಡ್ಡ ಎನ್ ಹಾಕಿ ಓಡಿಸಿ ನೋಡಿ, ಅದರಲ್ಲಿ ಸಾಲು ಸಾಲಾಗಿ ಬಂದ್ರೆ ಬ್ರೌಸರ್ ಕಡೆ ಹುಡುಕಿ, ಬರ್ಲಿಲ್ಲ ಅಂದ್ರೆ ಸರ್ವರ್ ಕಡೆ. ಪಿಎಚ್‌ಪಿಲಿ ಔಟ್‌ಪುಟ್ ಬಫರಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಪಿಎಚ್‌ಪಿ ಜೊತೆಗೆ ಬರೋ ಐಎನ್‌ಐ ಸೆಟ್ಟಿಂಗ್ ಫೈಲಲ್ಲಿ 4096 ಬೈಟ್ ಅಂತ ಇರುತ್ತೆ, ಅದು ಆನ್ ಇದ್ರೆ ಬರೀ ಫ್ಲಶ್ ಸಾಕಾಗಲ್ಲ, ಅದಕ್ಕೂ ಮುಂಚೆ ಓಬಿ ಫ್ಲಶ್ ಕರೀಬೇಕು. ಆದ್ರೆ ನಿಮ್ಮ ಕೇಸಲ್ಲಿ ನನಗೆ ಜಾಸ್ತಿ ಅನುಮಾನ ಇರೋದು ಎಂಜಿನ್‌ಎಕ್ಸ್ ಮೇಲೇನೇ, ಅದು ಹಿಂದಿನಿಂದ ಬಂದಿದ್ದನ್ನ ತನ್ನ ಬಫರಲ್ಲಿ ತುಂಬ್ಕೊಂಡು ಆಮೇಲೆ ಮುಂದೆ ಬಿಡುತ್ತೆ, ಇದು ಡೀಫಾಲ್ಟ್. ಕಾನ್ಫಿಗ್ ಮುಟ್ಟೋ ಹಾಗಿಲ್ಲ ಅಂದ್ರೂ ಪರವಾಗಿಲ್ಲ, ಎಕ್ಸ್ ಆಕ್ಸೆಲ್ ಬಫರಿಂಗ್ ಅನ್ನೋ ಹೆಡರ್‌ಗೆ ನೋ ಅಂತ ಕೊಟ್ಟು ಪಿಎಚ್‌ಪಿಯಿಂದಲೇ ಕಳಿಸಿ, ಆ ಒಂದು ಪೇಜಿಗೆ ಮಾತ್ರ ಬಫರಿಂಗ್ ನಿಲ್ಲುತ್ತೆ. ಡೇಟಾ ಕುಗ್ಗಿಸಿ ಕಳಿಸೋ ಜಿಜಿಪ್ ಕೂಡ ಆ ಪೇಜಿಗೆ ಆಫ್ ಮಾಡಿ.

ಇನ್ನೊಂದು ತುಂಬಾ ಜನ ಎಡವೋ ಜಾಗ ಸೆಷನ್, ಅಂದ್ರೆ ಲಾಗಿನ್ ಆದ ಯೂಸರ್ ಯಾರು ಅಂತ ಸರ್ವರ್ ನೆನಪಿಟ್ಕೊಳ್ಳೋದು. ಪಿಎಚ್‌ಪಿ ಸೆಷನ್ ಫೈಲನ್ನ ಸ್ಕ್ರಿಪ್ಟ್ ಮುಗಿಯೋವರೆಗೂ ಲಾಕ್ ಮಾಡಿಡುತ್ತೆ, ಅಂದ್ರೆ ರಿಪೋರ್ಟ್ ಓಡ್ತಿರೋ 40 ಸೆಕೆಂಡೂ ಅದೇ ಯೂಸರ್ ಬೇರೆ ಪೇಜ್ ತೆಗೆದ್ರೆ ಅದೂ ಕಾಯ್ತಾ ನಿಲ್ಲುತ್ತೆ! ಲಾಗಿನ್ ಚೆಕ್ ಆದ ತಕ್ಷಣ ಸೆಷನ್ ರೈಟ್ ಕ್ಲೋಸ್ ಕರೆದುಬಿಡಿ.

ಪೇಜಲ್ಲಿ ತೋರಿಸೋಕೆ ಬ್ರೌಸರಲ್ಲೇ ಇರೋ ಇವೆಂಟ್‌ಸೋರ್ಸ್ ಸಾಕು, ಸರ್ವರಿಂದ ಬ್ರೌಸರ್‌ಗೆ ಒಂದೇ ದಿಕ್ಕಲ್ಲಿ ತಾನೇ ಹೋಗ್ತಿರೋದು, ವೆಬ್‌ಸಾಕೆಟ್ ಬೇಕಾಗೋದು ಎರಡೂ ಕಡೆಯಿಂದ ಮಾತು ನಡೀತಾ ಇರೋವಾಗ. ಆದ್ರೆ ಒಂದು ಎಚ್ಚರ, ಕನೆಕ್ಷನ್ ಮುಚ್ಚಿದ್ರೆ ಇವೆಂಟ್‌ಸೋರ್ಸ್ ತಾನಾಗೇ ಮತ್ತೆ ಕನೆಕ್ಟ್ ಆಗುತ್ತೆ, ನೆಟ್ ಹೋಗಿ ಬಂದಾಗ ಅದು ಒಳ್ಳೇದೇ, ಆದ್ರೆ ನಿಮ್ಮ ರಿಪೋರ್ಟ್ ಮುಗಿದು ಸರ್ವರ್ ಮುಚ್ಚಿದಾಗ್ಲೂ ಹಾಗೇ ಮಾಡಿ ಇಡೀ ರಿಪೋರ್ಟನ್ನ ಮೊದಲಿಂದ ಓಡಿಸುತ್ತೆ. ಅದಕ್ಕೆ ಕೊನೇಲಿ ಮುಗೀತು ಅನ್ನೋ ಇವೆಂಟ್ ಒಂದು ಕಳಿಸಿ, ಅದು ಬಂದ ಕೂಡ್ಲೇ ಜಾವಾಸ್ಕ್ರಿಪ್ಟಲ್ಲಿ ಕ್ಲೋಸ್ ಮಾಡಿ. ಪ್ರತಿ ಇವೆಂಟ್ ಆದ್ಮೇಲೆ ಒಂದು ಖಾಲಿ ಸಾಲು ಬೇಕು, ಮರೆತ್ರೆ ಏನೂ ಕಾಣಲ್ಲ.

ಪೋಸ್ಟ್ ವಿಧಾನದಲ್ಲಿ ಡೇಟಾ ಕಳಿಸ್ಬೇಕು ಅಂದ್ರೆ ಇವೆಂಟ್‌ಸೋರ್ಸಲ್ಲಿ ಆಗಲ್ಲ, ಜಾವಾಸ್ಕ್ರಿಪ್ಟಲ್ಲಿ ಫೆಚ್ ಮಾಡಿ ರೀಡರ್ ಇಟ್ಟು ಓದ್ಬೇಕು. ಆಗ ಕನ್ನಡದ ಡೇಟಾ ಇದ್ರೆ ಬೈಟನ್ನ ಅಕ್ಷರ ಮಾಡೋ ಟೆಕ್ಸ್ಟ್‌ಡಿಕೋಡರ್‌ಗೆ ಸ್ಟ್ರೀಮ್ ಟ್ರೂ ಕೊಡಿ, ಯಾಕಂದ್ರೆ ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್ (ಅಕ್ಷರ ಅಥವಾ ಗುಣಿತದ ಚಿಹ್ನೆ) 3 ಬೈಟ್, ತುಂಡು ಅದರ ಮಧ್ಯಕ್ಕೇ ಕತ್ತರಿಸಿದ್ರೆ ಪ್ರಶ್ನೆ ಚಿಹ್ನೆ ಇರೋ ಕಪ್ಪು ಡೈಮಂಡ್ ಬರುತ್ತೆ.

ಡೀಫಾಲ್ಟಾಗಿ ಎಂಜಿನ್‌ಎಕ್ಸ್, ಪಿಎಚ್‌ಪಿ ಕಡೆಯಿಂದ 60 ಸೆಕೆಂಡ್ ಏನೂ ಬರದೇ ಇದ್ರೆ ಕನೆಕ್ಷನ್ ಕಡಿಯುತ್ತೆ, ಇದು ಒಟ್ಟು ಸಮಯ ಅಲ್ಲ, ಎರಡು ಸಾಲಿನ ಮಧ್ಯದ ಗ್ಯಾಪ್. ಮುಂದೆ ರಿಪೋರ್ಟ್ ದೊಡ್ಡದಾಗಿ ಯಾವುದಾದ್ರೂ ಕ್ವೆರಿ ಅಷ್ಟು ಹೊತ್ತು ಹಿಡಿಯೋ ಹಾಗಾದ್ರೆ ಆ ಟೈಮ್‌ಔಟ್ ಜಾಸ್ತಿ ಮಾಡ್ಕೊಳ್ಳಿ.