ಮೂತ್ರಕೋಶದ ಕ್ಯಾನ್ಸರ್ ಇದ್ದಾಗ ತೂಕ ಇಳಿಸಬೇಕಾ, ಹಾಗೇ ಬಿಡಬೇಕಾ?

ನಿಮ್ಮ ತಂದೆಯವರಿಗೆ 66 ವರ್ಷ, ಎತ್ತರ 168 ಸೆಂಟಿಮೀಟರ್, ತೂಕ 92 ಕಿಲೋ ಎಂದು ಬರೆದಿದ್ದೀರಿ. ಕ್ಯಾನ್ಸರ್ ಮೂತ್ರಕೋಶದ ಗೋಡೆಯೊಳಗೆ ಆಳವಾಗಿ ಇಳಿದಿದೆ, ಮೊದಲು ಕೀಮೋ, ಆಮೇಲೆ ಮೂತ್ರಕೋಶ ತೆಗೆಯುವ ಆಪರೇಷನ್ ಎಂದು ಡಾಕ್ಟರ್ ಹೇಳಿದ್ದಾರೆ. ದಪ್ಪ ಇದ್ದವರೇ ಜಾಸ್ತಿ ಕಾಲ ಬದುಕುತ್ತಾರೆ ಎಂದು ಒಂದು ಕಡೆ ಓದಿದಿರಿ. ಬೊಜ್ಜಿದ್ದರೆ ಕಾಯಿಲೆ ಮತ್ತೆ ಬರುತ್ತದೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು, ಆಪರೇಷನ್‌ಗೆ ಮುಂಚೆ ತೂಕ ಇಳಿಸಬೇಕಾ ಎಂದು ಕೇಳಿದ್ದೀರಿ.

ನಾನು ಡಯಟಿಶಿಯನ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರ ಊಟೋಪಚಾರ ನೋಡಿಕೊಳ್ಳುವುದೇ ನನ್ನ ಕೆಲಸ. ಮೊದಲು ಉತ್ತರ ಹೇಳಿಬಿಡುತ್ತೇನೆ: ಈಗ ಊಟ ಕಡಿಮೆ ಮಾಡಿಸಿ ತೂಕ ಇಳಿಸಲು ಹೋಗಬೇಡಿ. ಬೇಕೆಂದೇ ತೂಕ ಏರಿಸಲೂ ಬೇಡಿ. ಅವರ ಮೈಯ ಮಾಂಸಖಂಡ ಕರಗದ ಹಾಗೆ ನೋಡಿಕೊಳ್ಳಿ. ಚಿಕಿತ್ಸೆ ನಡೆಯುವಾಗ ತೂಕದ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ನೀವು ಓದಿದ ಎರಡು ಮಾತೂ ಸುಮ್ನೆ ಹುಟ್ಟಿದ್ದಲ್ಲ. ಆದರೆ "ದಪ್ಪ ಇದ್ದವರಿಗೆ ಒಳ್ಳೆಯದು" ಎಂಬುದು ಹೆಚ್ಚಾಗಿ ಬಂದಿರುವುದು ಕಿಡ್ನಿಯ ಕ್ಯಾನ್ಸರ್‌ನಿಂದ. ಬೊಜ್ಜು ಇದ್ದರೆ ಕಿಡ್ನಿಯ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಬೊಜ್ಜಿಗೆ ನಂಟಿರುವ 13 ಕ್ಯಾನ್ಸರ್‌ಗಳನ್ನು ಗುರುತಿಸಿತು. ಅದರಲ್ಲಿ ಕಿಡ್ನಿ ಇದೆ, ಮೂತ್ರಕೋಶ ಇಲ್ಲ. ವಿಚಿತ್ರ ಏನೆಂದರೆ, ಕಿಡ್ನಿಯ ಕ್ಯಾನ್ಸರ್ ಬಂದು ಹರಡಿದ ಮೇಲೆ, ತೂಕ ಹೆಚ್ಚಿದ್ದವರು ತೆಳ್ಳಗಿದ್ದವರಿಗಿಂತ ಹೆಚ್ಚು ಕಾಲ ಬದುಕಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದು ಕಿಡ್ನಿಯ ತಿರುಳಿನಲ್ಲಿ ಹುಟ್ಟುವ ಕ್ಯಾನ್ಸರ್. ಮೂತ್ರಕೋಶದ ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗುವುದು ಮೂತ್ರದ ದಾರಿಯ ಒಳಪದರದಲ್ಲಿ. ಎರಡರ ಸ್ವಭಾವ ಬೇರೆ, ಔಷಧಿಯೂ ಬೇರೆ. ಅಲ್ಲಿಯ ಲೆಕ್ಕವನ್ನು ತಂದೆಯವರಿಗೆ ಹಚ್ಚಬೇಡಿ.

ಒಳಪದರದ ಕ್ಯಾನ್ಸರ್‌ನಲ್ಲಿ ಚಿತ್ರ ಅಷ್ಟು ಸರಳವಾಗಿಲ್ಲ. ಗೋಡೆಯೊಳಗೆ ಇನ್ನೂ ಇಳಿಯದ ಗೆಡ್ಡೆಗಳಲ್ಲಿ, ಬೊಜ್ಜು ಇದ್ದವರಿಗೆ ಕಾಯಿಲೆ ಮರುಕಳಿಸುವುದು ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳದ ಕ್ಯಾನ್ಸರ್ ನೋಡಿ. ಪಾಶ್ಚಾತ್ಯ ದೇಶಗಳ ರೋಗಿಗಳಲ್ಲಿ ಬೊಜ್ಜು ಇದ್ದವರ ಫಲಿತಾಂಶ ಕೆಟ್ಟದಾಗಿ ಕಂಡಿತು. ಚೀನಾ, ಜಪಾನ್, ಕೊರಿಯಾ ಕಡೆಯ ಅಧ್ಯಯನಗಳಲ್ಲಿ ಹೆಚ್ಚಾಗಿ ತೀರಾ ತೆಳ್ಳಗಿದ್ದವರೇ ಕಷ್ಟಪಟ್ಟರು. ನನ್ನ ಮಟ್ಟಿಗೆ ಇವು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಂಕಿ) 30 ದಾಟಿದವರು ತುಂಬ ಜನ, ಚೀನಾ, ಜಪಾನ್, ಕೊರಿಯಾ ಕಡೆ ಅಂಥವರು ತೀರಾ ಕಡಿಮೆ. ಹೋಲಿಸುತ್ತಿರುವ ಜನರೇ ಬೇರೆ.

ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು. ತಂದೆಯವರದ್ದು ಸುಮಾರು 32.6, ಅಂದರೆ ಬೊಜ್ಜಿನ ಸಾಲಿಗೆ ಬರುತ್ತದೆ. ಆದರೆ ಆ ಅಂಕಿಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಎಂದು ಗೊತ್ತಾಗುವುದಿಲ್ಲ. ತೆಳ್ಳಗಿರುವುದಕ್ಕೂ ಬೇರೆ ಕಾರಣಗಳು ಇರುತ್ತವೆ. ಕಾಯಿಲೆ ಮುಂದುವರಿದಿದ್ದಕ್ಕೇ ಕೆಲವರು ಸೊರಗಿರುತ್ತಾರೆ. ಸಿಗರೇಟು ಸೇದುವವರಲ್ಲಿ ತುಂಬ ಜನ ತೆಳ್ಳಗಿರುತ್ತಾರೆ, ಮೂತ್ರಕೋಶದ ಕ್ಯಾನ್ಸರ್‌ಗೆ ಅತಿ ದೊಡ್ಡ ಕಾರಣವೂ ತಂಬಾಕೇ. ಇವರನ್ನೆಲ್ಲ "ಕಡಿಮೆ ತೂಕ" ಎಂಬ ಒಂದೇ ಗುಂಪಿಗೆ ಹಾಕಿದರೆ, ದಪ್ಪ ಇದ್ದವರು ಗೆದ್ದ ಹಾಗೆ ಕಾಣುವುದು ಸಹಜ ಅಲ್ವಾ?

ಅದಕ್ಕೇ ಈಗ ಮಾಂಸಖಂಡದ ಕಡೆಗೆ ಗಮನ ಹರಿದಿದೆ. ಸೊಂಟದ ಭಾಗದ ಬೆನ್ನುಮೂಳೆಯ ಮೂರನೇ ಎಲುಬಿನ ಮಟ್ಟದಲ್ಲಿ ತೆಗೆದ ಸಿಟಿ ಸ್ಕ್ಯಾನ್ ಚಿತ್ರದಲ್ಲಿ ಮಾಂಸಖಂಡ ಎಷ್ಟಿದೆ ಎಂದು ಅಳೆಯಬಹುದು. ಅದು ಕಡಿಮೆ ಇದ್ದವರಿಗೆ ಮೂತ್ರಕೋಶ ತೆಗೆದ ಮೇಲೆ ಬದುಕುಳಿಯುವ ಸಾಧ್ಯತೆ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ದಪ್ಪ ಇದ್ದವರಲ್ಲೂ ಒಳಗೆ ಮಾಂಸಖಂಡ ಕರಗಿರಬಹುದು. ಹೊಟ್ಟೆ ನೋಡಿದವರು "ಇವರಿಗೇನು, ಚೆನ್ನಾಗೇ ಇದ್ದಾರೆ" ಎಂದು ಬಿಟ್ಟುಬಿಡುತ್ತಾರೆ. ನನಗೆ ಅತಿ ಹೆಚ್ಚು ಆತಂಕ ಆಗುವುದು ಇಂಥವರನ್ನು ಕಂಡಾಗಲೇ. ಕ್ಯಾನ್ಸರ್ ಇರುವಾಗ ಉಪವಾಸದಂಥ ಡಯಟ್ ಮಾಡಿದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಹೋಗುತ್ತದೆ. ಹೋದದ್ದನ್ನು ಆ ವಯಸ್ಸಿನಲ್ಲಿ ಮತ್ತೆ ಕಟ್ಟುವುದು ತುಂಬ ಕಷ್ಟ.

ಹಾಗಂತ ಬೊಜ್ಜಿನಿಂದ ತೊಂದರೆ ಇಲ್ಲ ಎಂದಲ್ಲ. ಆಪರೇಷನ್‌ಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ರಕ್ತ ಹೆಚ್ಚು ಹೋಗಬಹುದು, ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಜಾಸ್ತಿ. ಮೂತ್ರ ಹೊರಗೆ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸುವುದಾದರೆ, ಜಾಗ ಗುರುತಿಸುವಾಗ ತಂದೆಯವರನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ ನೋಡಬೇಕು. ಹೊಟ್ಟೆಯ ಮಡಿಕೆಯ ಕೆಳಗೆ ಬಂದರೆ ಅವರಿಗೆ ಅದು ಕಾಣುವುದಿಲ್ಲ, ಚೀಲವೂ ಸರಿಯಾಗಿ ಕೂರುವುದಿಲ್ಲ. ದಪ್ಪ ಇದ್ದವರಿಗೆ ಸ್ವಲ್ಪ ಮೇಲೆ ಮಾಡುವುದು ಇದೇ ಕಾರಣಕ್ಕೆ.

ಕೀಮೋ ಬಗ್ಗೆ ಎರಡು ಮಾತು. ಇದರಲ್ಲಿ ಸಾಮಾನ್ಯವಾಗಿ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧಿಯ ಪ್ರಮಾಣವನ್ನು ಎತ್ತರ, ತೂಕ ನೋಡಿ ಲೆಕ್ಕ ಹಾಕುತ್ತಾರೆ. ದಪ್ಪ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಡೋಸ್ ಕಡಿಮೆ ಮಾಡಬಾರದು, ನಿಜವಾದ ತೂಕಕ್ಕೆ ಪೂರ್ತಿ ಕೊಡಬೇಕು ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲೇ ಹೇಳಿದೆ. ಈ ಔಷಧಿಗೆ ಕಿಡ್ನಿಯೂ ಚೆನ್ನಾಗಿರಬೇಕು. ಸಾಮಾನ್ಯವಾಗಿ ನಿಮಿಷಕ್ಕೆ 60 ಮಿಲಿಲೀಟರ್ ಶೋಧಿಸುವ ಶಕ್ತಿ ಇದೆಯಾ ಎಂದು ನೋಡುತ್ತಾರೆ. ಆ ಲೆಕ್ಕದ ಒಂದು ಹಳೆಯ ಸೂತ್ರದಲ್ಲಿ ತೂಕವೂ ಸೇರುತ್ತದೆ. ಹಾಗಾಗಿ ದಪ್ಪ ಇದ್ದವರ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸಬಹುದು. ಯಾವ ಲೆಕ್ಕ ಹಾಕಿದ್ದೀರಿ ಎಂದು ಡಾಕ್ಟರನ್ನು ಸಂಕೋಚ ಇಲ್ಲದೆ ಕೇಳಿ.

ಮನೆಯಲ್ಲಿ ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ತಾನಾಗಿ ತೂಕದ 5 ಶೇಕಡಾ, ಅಂದರೆ ನಾಲ್ಕೂವರೆ ಕಿಲೋ ಇಳಿದರೆ ಡಾಕ್ಟರಿಗೆ ಹೇಳಿ. ಅದು ಒಂದೇ ತಿಂಗಳಲ್ಲಿ ಆದರೆ ಮುಂದಿನ ಭೇಟಿಗೆ ಕಾಯಬೇಡಿ. ಕಾಲು ಊದಿಕೊಂಡಿದ್ದರೆ ನೀರಿನ ಭಾರ ತೂಕದ ಇಳಿಕೆಯನ್ನು ಮುಚ್ಚಿಡುತ್ತದೆ, ಅದನ್ನೂ ಗಮನಿಸಿ. ಕ್ಯಾನ್ಸರ್ ಇರುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯ ಸಲಹೆ. ಆದರೆ ತೂಕ ಹೆಚ್ಚಿದ್ದಾಗ ಯಾವ ತೂಕಕ್ಕೆ ಲೆಕ್ಕ ಹಾಕಬೇಕು, ಕಿಡ್ನಿ ಅದನ್ನು ತಾಳಿಕೊಳ್ಳುತ್ತಾ ಎಂಬುದನ್ನು ನಿಮ್ಮ ಆಸ್ಪತ್ರೆಯ ಡಯಟಿಶಿಯನ್ ಜೊತೆ ಕೂತು ನಿರ್ಧರಿಸಿ. ದಿನಾ ನಡೆಯಲಿ. ಕುರ್ಚಿಯಿಂದ ಕೈ ಊರದೆ ಏಳುವ, ಕೂರುವ ವ್ಯಾಯಾಮ ಡಾಕ್ಟರ್ ಒಪ್ಪಿದರೆ ಇವತ್ತಿಂದಲೇ ಶುರು ಮಾಡಲಿ. ಸಿಗರೇಟು ಇದ್ದರೆ ಬಿಡಿಸಿ. ಈಗ ಬಿಟ್ಟರೂ ಆಪರೇಷನ್‌ಗೆ ಒಳ್ಳೆಯದೇ.

ಕೊಬ್ಬು ಇಳಿಸುವ ಮಾತು ಗಾಯ ಮಾಗಿ, ಊಟ ಸರಿಹೋಗಿ, ಮೊದಲಿನ ಹಾಗೆ ಓಡಾಡುವಂತಾದ ಮೇಲೆ. ಆಗಲೂ ನಿಧಾನಕ್ಕೆ, ವ್ಯಾಯಾಮದ ಜೊತೆಗೆ. ಸದ್ಯಕ್ಕೆ ಆರು ತಿಂಗಳ ಹಿಂದೆ ಅವರ ತೂಕ ಎಷ್ಟಿತ್ತು ಎಂದು ಹಳೆಯ ಚೀಟಿಗಳಲ್ಲಿ ಹುಡುಕಿ, ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ. ಇವತ್ತಿನ 92 ಏರಿ ಬಂದದ್ದೋ ಇಳಿದು ಬಂದದ್ದೋ ಎಂಬುದು ಡಾಕ್ಟರಿಗೆ ತಿಳಿಯಬೇಕು.