ದುಂಡಗಿನ ಕಣದೊಳಗೆ ದೋಷವಿರಬಹುದೆ?

ಪ್ರಶ್ನೆ: ನಾನು ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಕಬ್ಬಿಣದ ಓಲಿಯೇಟನ್ನು (ಓಲಿಯಿಕ್ ಎಂಬ ಕೊಬ್ಬಿನಾಮ್ಲದೊಡನೆ ಕೂಡಿದ ಕಬ್ಬಿಣವನ್ನು) ಕಾಯಿಸಿ ನಾವು ತಯಾರಿಸಿದ ಮ್ಯಾಗ್ನೆಟೈಟ್ (ಕಬ್ಬಿಣದ ಒಂದು ಆಕ್ಸೈಡ್) ನ್ಯಾನೊಕಣಗಳು ಅಯಸ್ಕಾಂತ ಹಿಡಿದಾಗ ಕಾಂತವಾಗಿ, ತೆಗೆದಾಗ ಆ ಗುಣವನ್ನು ಬಿಡುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅವು ದುಂಡಗೆ, ಒಂದೇ ಗಾತ್ರದಲ್ಲಿವೆ. ಆದರೂ ಕಾಂತತೆ ನಿರೀಕ್ಷೆಗಿಂತ ಬಹಳ ಕಡಿಮೆ. ಒಳಗೆ ಸ್ಫಟಿಕದೋಷವಿದ್ದರೆ ಅದನ್ನು ನೋಡುವುದು ಹೇಗೆ?
– ಓದುಗರು, ಕಲಬುರಗಿ

ಉತ್ತರ: ದೋಷವಿರುವ ಸಾಧ್ಯತೆ ಸಾಕಷ್ಟಿದೆ; ಅಂಚು ದುಂಡಗಿದ್ದ ಮಾತ್ರಕ್ಕೆ ಒಳಗಿನ ಜೋಡಣೆ ಸರಿಯಿದೆ ಎನ್ನಲಾಗದು. ಆದರೆ ಮೊದಲು ತೂಕದ ಲೆಕ್ಕ ನೋಡಿಕೊಳ್ಳಿ. ದೊಡ್ಡ ತುಂಡಿನ ಮ್ಯಾಗ್ನೆಟೈಟಿನ ಗರಿಷ್ಠ ಕಾಂತತೆ ಗ್ರಾಮಿಗೆ ಸುಮಾರು 92 ಇಎಂಯು (ಕಾಂತತೆಯ ಒಂದು ಅಳತೆ). ಕಣಗಳಿಗೆ ಅಂಟಿದ ಓಲಿಯಿಕ್ ಆಮ್ಲವೂ ತೂಕದಲ್ಲಿ ಸೇರಿದ್ದರೆ ಈ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ನಿಮ್ಮ ವಿಧಾನದಲ್ಲಿ ಮೊದಲು ವುಸ್ಟೈಟ್ ಎಂಬ, ಆಮ್ಲಜನಕ ಕಡಿಮೆಯಿರುವ ಕಬ್ಬಿಣದ ಆಕ್ಸೈಡ್ ಹುಟ್ಟಿ, ಅದು ಆಮ್ಲಜನಕ ಹೀರಿ ಮ್ಯಾಗ್ನೆಟೈಟ್ ಆಗುವುದುಂಟು. ಈ ಬದಲಾವಣೆ ಒಂದೇ ಕಣದ ಹಲವೆಡೆ ಶುರುವಾದಾಗ, ಎರಡು ಮೂಲೆಗಳಿಂದ ಶಹಾಬಾದ್ ಕಲ್ಲು ಹಾಸುತ್ತ ಬಂದ ಇಬ್ಬರು ಗೌಂಡಿಗಳ ಸಾಲುಗಳು ನಡುವೆ ಕೂಡದಿರುವಂತೆ, ಆಮ್ಲಜನಕದ ಸಾಲು ಮುಂದುವರಿದರೂ ಕಬ್ಬಿಣದ ಸಾಲು ಸರಿದುಬಿಡುತ್ತದೆ. ಇದನ್ನು ಆಂಟಿಫೇಸ್ ಗಡಿ ಎನ್ನುತ್ತಾರೆ. ಇಲ್ಲಿ ಕಬ್ಬಿಣ, ಆಮ್ಲಜನಕ, ಕಬ್ಬಿಣ ನೇರ ಗೆರೆಯಲ್ಲಿ ಬರುವುದರಿಂದ ಎರಡು ಬದಿಯ ಕಾಂತತೆ ಪರಸ್ಪರ ಎದುರು ದಿಕ್ಕಿಗೆ ತಿರುಗಲೆಳಸುತ್ತದೆ. ಬಲವಾದ ಕಾಂತಕ್ಷೇತ್ರಕ್ಕೂ ಅದು ಪೂರ್ತಿ ಮಣಿಯುವುದಿಲ್ಲ.

ಸಾಮಾನ್ಯ ಚಿತ್ರದಲ್ಲಿ ಈ ಗಡಿ ಸುಲಭವಾಗಿ ಕಾಣದು. ಸ್ಫಟಿಕದ ಪರಮಾಣು ಪದರಗಳಿಂದ ಚೆದುರಿದ ಎಲೆಕ್ಟ್ರಾನುಗಳು ಚುಕ್ಕೆಗಳಾಗಿ ಮೂಡುತ್ತವೆ; ಇದೇ ವಿವರ್ತನೆ, ಚುಕ್ಕೆಯ ಸಂಖ್ಯೆ ಅದು ಯಾವ ಪದರಗಳದ್ದೆಂದು ಹೇಳುತ್ತದೆ. ಇದರಲ್ಲಿ 220 ಚುಕ್ಕೆ ನಾಲ್ಕು ಆಮ್ಲಜನಕಗಳ ನಡುವೆ ಕುಳಿತ ಕಬ್ಬಿಣದಿಂದ ಮಾತ್ರ ಬರುತ್ತದೆ. ಆ ಒಂದೇ ಚುಕ್ಕೆಯ ಎಲೆಕ್ಟ್ರಾನುಗಳಿಂದ ಡಾರ್ಕ್ ಫೀಲ್ಡ್ (ಕಪ್ಪು ಹಿನ್ನೆಲೆಯ) ಚಿತ್ರ ತೆಗೆದರೆ ಹೊಳೆಯುವ ಕಣದ ನಡುವೆ ಕಪ್ಪು ಗೆರೆಯೊಂದು ಮೂಡುತ್ತದೆ. ಅದೇ ಕಣವನ್ನು, ಗಡಿಯಲ್ಲೂ ಮುರಿಯದ ಆಮ್ಲಜನಕದ ಸಾಲಿನಿಂದಲೂ ಬರುವ 440 ಚುಕ್ಕೆಯಲ್ಲಿ ನೋಡಿದಾಗ ಗೆರೆ ಮಾಯವಾದರೆ ಅದು ಗಡಿಯೇ ಎನ್ನಲು ಬಲವಾದ ಆಧಾರ ಸಿಗುತ್ತದೆ. ಉಳಿದುಕೊಂಡರೆ ಕಣಗಳು ಒಂದರ ಮೇಲೊಂದು ಕೂತಿರಬಹುದು. ಗಡಿ ಸರಿದ ದಿಕ್ಕಿಗನುಸಾರ ಒಂದು 220 ಚುಕ್ಕೆಯಲ್ಲಿ ಕಾಣದ್ದು ಅದೇ ಬಳಗದ ಇನ್ನೊಂದರಲ್ಲಿ ಕಾಣುತ್ತದೆ, ಆದ್ದರಿಂದ ಮಾದರಿಯನ್ನು ಓರೆಯಾಗಿಸಿ ನೋಡುವ ತಾಳ್ಮೆ ಬೇಕೇ ಬೇಕು. ಒಂದೇ ಚಿತ್ರ ನೋಡಿ ‘ದೋಷವಿಲ್ಲ’ ಎಂದು ಬರೆಯುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಖ್ಯ ಮಸೂರದೊಳಗೆ ಸುಮಾರು 2 ಟೆಸ್ಲಾದಷ್ಟು ಬಲವಾದ ಕಾಂತಕ್ಷೇತ್ರವಿರುತ್ತದೆ; ಅದು ಕಣದ ಕಾಂತತೆಯನ್ನು ತನ್ನತ್ತ ತಿರುಗಿಸಿಬಿಡುತ್ತದೆ. ಹಾಗಾಗಿ ಕಣದ ಸಹಜ ಕಾಂತಸ್ಥಿತಿಯನ್ನು ಅರಿಯಲು ಆ ಮಸೂರವನ್ನು ಆರಿಸಿ, ಮಾದರಿಯ ಕಾಂತತೆ ಎಲೆಕ್ಟ್ರಾನುಗಳನ್ನು ಬಾಗಿಸುವುದನ್ನು ಗಮನಿಸುವ ಲೊರೆಂಟ್ಸ್ ವಿಧಾನದಲ್ಲಿ ನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗೆ ಮಾದರಿ ಕಳಿಸುವಾಗ ‘ಗಾತ್ರದ ಚಿತ್ರ’ ಎಂದಷ್ಟೇ ಬರೆಯದೆ, 220 ಮತ್ತು 440ರ ಡಾರ್ಕ್ ಫೀಲ್ಡ್ ಜೋಡಿಚಿತ್ರಗಳನ್ನೇ ಕೇಳಿ.