ಅಳತೆ ಕೊಟ್ಟು ಮಾಡಿಸುವ ವೀಲ್‌ಚೇರ್: ಫಾರ್ಮ್ ತುಂಬುವ ಮೊದಲು

ನಮಸ್ಕಾರ ಅಕ್ಕ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಿಮ್ಮ ತಮ್ಮ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಬಲವೂ ಸ್ಪರ್ಶವೂ ಇಲ್ಲ, ಕೈ ಮತ್ತು ಎದೆ ಗಟ್ಟಿಯಿದೆ. ಈಗಿರುವುದು ಆಸ್ಪತ್ರೆಗಳಲ್ಲಿ ಕಾಣುವ 18 ಇಂಚಿನ ಮಡಚುವ ಕುರ್ಚಿ. ಮನೆ ಕುಮಟಾ ಕಡೆ, ಕೆಲಸಕ್ಕೆ ಶಿರಸಿಗೆ ಹೋಗಿಬರಬೇಕು. ಹೊಸ ಕುರ್ಚಿಯ ಫಾರ್ಮ್ ಬಂದಿದೆ, ಯಾವುದಕ್ಕೆಲ್ಲ ಟಿಕ್ ಹಾಕಬೇಕು ಎಂದು ಕೇಳಿದ್ದೀರಿ.

ಫಾರ್ಮಿನಲ್ಲಿ ಕುಶನ್ ಕೊನೆಗೆ ಬರುತ್ತದೆ. ನೀವು ಅದನ್ನೇ ಮೊದಲು ತೀರ್ಮಾನಿಸಿ. ಕುಶನ್ ದಪ್ಪ 5 ಸೆಂ.ಮೀ. ಇದೆಯೋ 10 ಇದೆಯೋ ಎನ್ನುವುದರ ಮೇಲೆ ಫುಟ್‌ರೆಸ್ಟಿನ ಉದ್ದ, ಬೆನ್ನಿನ ಎತ್ತರ, ಕೈ ಗಾಲಿಗೆ ಎಟಕುವ ಎತ್ತರ ಎಲ್ಲ ಬದಲಾಗುತ್ತವೆ. ಸ್ಪರ್ಶವಿಲ್ಲದವರಿಗೆ ಕೂತಲ್ಲೇ ಹುಣ್ಣಾದರೂ ಗೊತ್ತಾಗುವುದಿಲ್ಲ, ಹಾಗಾಗಿ ಇಲ್ಲಿ ದುಡ್ಡು ಉಳಿಸಬೇಡಿ. ಗಾಳಿ ತುಂಬುವ ಗುಳ್ಳೆಗಳ ಕುಶನ್ ಒತ್ತಡವನ್ನು ಚೆನ್ನಾಗಿ ಹಂಚುತ್ತದೆ, ಆದರೆ ಗಾಳಿ ನೋಡುತ್ತಲೇ ಇರಬೇಕು: ತಮ್ಮ ಕೂತಿರುವಾಗ ಕುಶನ್ ಮತ್ತು ಅವರ ನಡುವೆ ಕೈ ತೂರಿಸಿ, ಕೂರುವ ಮೂಳೆಯ ಕೆಳಗೆ 1.5ರಿಂದ 2.5 ಸೆಂ.ಮೀ. ಗಾಳಿ ಉಳಿದಿರಬೇಕು. ಹೆಚ್ಚು ತುಂಬಿದರೂ ತಪ್ಪೇ, ಆಗ ಕುಶನ್ ಗಟ್ಟಿಯಾಗಿ ಮೂಳೆಯನ್ನೇ ಒತ್ತುತ್ತದೆ. ಫೋಮ್ ಮೇಲೆ ಜೆಲ್ ಇರುವುದಕ್ಕೆ ಪಂಕ್ಚರ್ ಚಿಂತೆಯಿಲ್ಲ, ತೂಕ ಹೆಚ್ಚು. ಸೋಫಾ ಫೋಮ್ ಕತ್ತರಿಸಿ ಹಾಕುವುದಂತೂ ಬೇಡವೇ ಬೇಡ, ಕೆಲವೇ ತಿಂಗಳಲ್ಲಿ ಕುಸಿದು ಮೂಳೆ ಕೆಳಗಿನ ಹಲಗೆಗೆ ತಾಗುತ್ತದೆ. ಕವರ್ ಎರಡು ತರಿಸಿ, ಮಳೆಗಾಲದಲ್ಲಿ ಒಂದು ಒಣಗುವುದೇ ಇಲ್ಲ.

ಅಳತೆಯನ್ನು ಗಟ್ಟಿ ಬೆಂಚಿನ ಮೇಲೆ ಕೂರಿಸಿ ತೆಗೆಯಿರಿ. ಸೊಂಟದ ಅತಿ ಅಗಲದ ಜಾಗಕ್ಕೆ 1ರಿಂದ 2 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ‘ಮುಂದೆ ದಪ್ಪ ಆದರೆ’ ಎಂದು ಜಾಸ್ತಿ ಬಿಡಬೇಡಿ. ಈಗಿನ 18 ಇಂಚು ಎಂದರೆ 46 ಸೆಂ.ಮೀ.; ಸೊಂಟ 37 ಇದ್ದವರು ಅದರಲ್ಲಿ ಒಂದು ಬದಿಗೆ ವಾಲಿಯೇ ಕೂರುತ್ತಾರೆ. ಬೆನ್ನು ಸೊಟ್ಟಗಾಗುತ್ತದೆ, ದೂರದ ಗಾಲಿಗೆ ಕೈ ಚಾಚಿ ಚಾಚಿ ಭುಜ ಹಾಳಾಗುತ್ತದೆ. ಇನ್ನು ಮುಂದೆ ಅವರಿಗೆ ಭುಜವೇ ಕಾಲು ಅಕ್ಕ, ಅದನ್ನು ಕಾಯಬೇಕು. ಸೀಟಿನ ಆಳಕ್ಕೆ ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂಬದಿಯವರೆಗೆ ಅಳೆದು 4-5 ಸೆಂ.ಮೀ. ಕಳೆಯಿರಿ, ಉದ್ದವಾದರೆ ಮುಂದಕ್ಕೆ ಜಾರಿ ಬಾಲಮೂಳೆಯ ಮೇಲೆ ಕೂರುತ್ತಾರೆ. ಎದೆಯ ಬಲ ಚೆನ್ನಾಗಿರುವುದರಿಂದ ಬೆನ್ನಿನ ಪಟ್ಟಿ ಭುಜದ ಮೂಳೆಯ ಕೆಳತುದಿಗಿಂತ ಎರಡು ಬೆರಳು ಕೆಳಗೆ ನಿಲ್ಲಲಿ. ಫುಟ್‌ರೆಸ್ಟ್ ನೆಲದಿಂದ 5 ಸೆಂ.ಮೀ. ಮೇಲಿದ್ದರೆ ಸಾಕು ಎನ್ನುತ್ತಾರೆ, ಚಿರೆಕಲ್ಲು ಹಾಸಿದ ಅಂಗಳವಿದ್ದರೆ 7 ಇರಲಿ.

ಹಿಂಗಾಲಿಯ ಆಕ್ಸಲ್ (ಗಾಲಿ ತಿರುಗುವ ಅಚ್ಚು) ಜಾಗಕ್ಕೆ ‘ಹೊಂದಿಸಬಹುದಾದದ್ದು’ ಎಂದೇ ಬರೆಯಿರಿ. ಬೆಸುಗೆ ಹಾಕಿದ ಆಕ್ಸಲ್ ಹಗುರ ನಿಜ, ಆದರೆ ಮೊದಲ ಕುರ್ಚಿಗೆ ಬೇಡ. ಆಕ್ಸಲ್ ಮುಂದೆ ಬಂದಷ್ಟೂ ಮುಂದಿನ ಚಿಕ್ಕ ಗಾಲಿಗಳ ಮೇಲಿನ ಭಾರ ಇಳಿದು ತಳ್ಳುವುದು ಸಲೀಸು, ಆದರೆ ಹಿಂದಕ್ಕೆ ಮಗುಚುವುದೂ ಸಲೀಸು. ಹಿಂದಿನಿಂದ ಶುರುಮಾಡಿ, ಅಭ್ಯಾಸವಾದಂತೆ ಒಂದೊಂದೇ ಸೆಂ.ಮೀ. ಮುಂದೆ ತನ್ನಿ. ಅಷ್ಟು ದಿನ ಹಿಂದಕ್ಕೆ ಮಗುಚದಂತೆ ತಡೆಯುವ ಹಿಂಬದಿಯ ಆ್ಯಂಟಿ-ಟಿಪ್ ಗಾಲಿ ಹಾಕಿರಲಿ, ಏರಿನಲ್ಲಿ ಹಿಂದೆ ಒಬ್ಬರು ನಿಂತಿರಲಿ. ಎತ್ತರಕ್ಕೆ ಪರೀಕ್ಷೆ: ಕುಶನ್ ಮೇಲೆ ಕೂತು ತೋಳು ಇಳಿಬಿಟ್ಟಾಗ ನಡುಬೆರಳ ತುದಿ ಆಕ್ಸಲ್ಲಿನ ನಡುವಿಗೆ ಬರಬೇಕು, ಗಾಲಿಯ ನೆತ್ತಿಯ ಮೇಲೆ ಕೈಯಿಟ್ಟಾಗ ಮೊಣಕೈ 100ರಿಂದ 120 ಡಿಗ್ರಿಯಲ್ಲಿರಬೇಕು. ಆಕ್ಸಲ್ ಹಿಂದೆ ಮುಂದೆ ಮಾಡಿದರೆ ಬ್ರೇಕನ್ನೂ ಸರಿಸಲೇಬೇಕು, ಇಲ್ಲವಾದರೆ ಟೈರಿಗೆ ತಾಗದು. ಮೇಲೆ ಕೆಳಗೆ ಮಾಡಿದರೆ ಮುಂದಿನ ಗಾಲಿಗಳ ಕಂಬ ನೆಲಕ್ಕೆ ಲಂಬವಾಗಿದೆಯೇ ನೋಡಿ. ಅದು ವಾಲಿದ್ದರೆ ಇಳಿಜಾರಿನಲ್ಲಿ ವೇಗ ಹಿಡಿದಾಗ ಚಿಕ್ಕ ಗಾಲಿ ಅದುರತೊಡಗಿ ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ.

ಈಗ ಗಾಲಿ. 24 ಇಂಚಿನದಕ್ಕೆ ಟಿಕ್ ಹಾಕುವ ಮೊದಲು ರಿಮ್ಮಿನ ಮಿ.ಮೀ. ಸಂಖ್ಯೆ ಕೇಳಿ. ವೀಲ್‌ಚೇರಿನ 24 ಇಂಚು ಸಾಮಾನ್ಯವಾಗಿ 540, ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ 24 ಇಂಚು 507. ಹೆಸರು ಒಂದೇ, ಟೈರ್ ಕೂರುವುದಿಲ್ಲ. ವೀಲ್‌ಚೇರಿನ 25 ಇಂಚು ಮಾತ್ರ 559, ಅದು 26 ಇಂಚಿನ ಎಂಟಿಬಿ ಸೈಕಲ್ಲಿನದೇ ಅಳತೆ. ಹಾಗಾಗಿ 25 ಇಂಚು ಹಾಕಿಸಿದರೆ ಕುಮಟಾ, ಶಿರಸಿಯ ಸೈಕಲ್ ಅಂಗಡಿಯ ಟೈರು ಟ್ಯೂಬೇ ಸಾಕು. ಅಗಲ 1.5 ಇಂಚಿನ ಒಳಗಿರಲಿ, ಬಟನ್ ಕಡಿಮೆಯಿರುವ ಟೈರ್ ಆಗಲಿ. ದಪ್ಪದ್ದು ಸೈಡ್‌ಗಾರ್ಡಿಗೂ (ಸೀಟಿನ ಪಕ್ಕದ ತಡೆಹಲಗೆ) ಬೆರಳಿಗೂ ಉಜ್ಜುತ್ತದೆ. ಗಾಲಿ ದೊಡ್ಡದಾಗಿ ಟೈರೂ ದಪ್ಪವಾದಾಗ ಆಕ್ಸಲ್ ನೆಲದಿಂದ ಸುಮಾರು ಒಂದರಿಂದ ಎರಡು ಸೆಂ.ಮೀ. ಮೇಲೇರುತ್ತದೆ, ಸೀಟಿನ ಎತ್ತರವನ್ನು ಅದಕ್ಕೆ ಸರಿಯಾಗಿ ಲೆಕ್ಕ ಹಾಕಿ ಎಂದು ಮಾಡುವವರಿಗೆ ಬರೆದು ಕೊಡಿ. ಗಾಳಿಯಿಲ್ಲದ ಘನ ಟೈರ್ ಪಂಕ್ಚರ್ ಆಗದು, ಆದರೆ ನಮ್ಮ ರಸ್ತೆಯ ಕುಲುಕನ್ನೆಲ್ಲ ಬೆನ್ನಿಗೇ ಕೊಡುತ್ತದೆ.

ಚಿಕ್ಕ ಗಾಲಿ 4 ಇಂಚಿನದು ಟೈಲ್ಸ್ ಮನೆಗೆ ಚಂದ. ಅಂಗಳ, ಹೊಸ್ತಿಲು, ಜಲ್ಲಿ ಇರುವಲ್ಲಿ 6 ಇಂಚಿನ ಮೆತ್ತನೆಯ ಅಗಲ ಗಾಲಿ ಬೇಕು. ಅದು ಸುತ್ತು ತಿರುಗುವಾಗ ಹಿಮ್ಮಡಿಗೆ ತಾಗುತ್ತದೆಯೇ ಎಂದು ಮಾಡುವವರ ನಕ್ಷೆಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ; ಸ್ಪರ್ಶವಿಲ್ಲದ ಕಾಲು ಉಜ್ಜಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ.

ಕರಾವಳಿಯಲ್ಲಿ ಕುರ್ಚಿ ಕೊಲ್ಲುವುದು ಉಪ್ಪುಗಾಳಿ. ಕ್ರೋಮ್ ಲೇಪದ ಕಬ್ಬಿಣದ ಹ್ಯಾಂಡ್‌ರಿಮ್ (ಗಾಲಿ ತಳ್ಳಲು ಕೈಯಲ್ಲಿ ಹಿಡಿಯುವ ಬಳೆ) ಬೇಡ, ಒಮ್ಮೆ ಲೇಪ ಎದ್ದರೆ ಅಂಗೈ ಸೀಳುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆ್ಯನೊಡೈಜ್ ಮಾಡಿದ ಅಲ್ಯೂಮಿನಿಯಂ ಇರಲಿ. ಬೇರಿಂಗ್ 2ಆರ್‌ಎಸ್ ಎಂದು ಬರೆದದ್ದು, ಅಂದರೆ ಎರಡೂ ಬದಿ ರಬ್ಬರ್ ಮುಚ್ಚಳದ್ದು; ಜೆಡ್‌ಜೆಡ್ ಎಂದರೆ ತಗಡಿನ ಮುಚ್ಚಳ, ಮರಳು ನೀರು ಒಳಗಿಳಿಯುತ್ತದೆ. ಚಿಕ್ಕ ಗಾಲಿಗೆ 608 ಸಂಖ್ಯೆಯದೇ ಆದರೆ ಬೇರಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಸ್ಟೀಲ್ ಬೋಲ್ಟ್ ಹಾಕುವಲ್ಲಿ ನೈಲಾನ್ ವಾಷರ್ ಮತ್ತು ಗ್ರೀಸ್ ಕೇಳಿ, ಇಲ್ಲದಿದ್ದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗಿ ಬೋಲ್ಟ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಟನ್ ಒತ್ತಿ ಕಳಚುವ ಕ್ವಿಕ್-ರಿಲೀಸ್ ಆಕ್ಸಲನ್ನು ವಾರಕ್ಕೊಮ್ಮೆ ಎಳೆದು ಒರೆಸಿ ತೆಳು ಎಣ್ಣೆ ಸವರಿ. ಅಲ್ಲಿಗೆ ಗ್ರೀಸ್ ಬೇಡ, ಮರಳು ಅಂಟುತ್ತದೆ. ಸಿಕ್ಕಿಸಿದ ಮೇಲೆ ಬಟನ್ ಹೊರಗೆ ಎದ್ದಿದೆಯೇ ನೋಡಿ, ಗಾಲಿಯನ್ನು ಎಳೆದೂ ನೋಡಿ.

ಫ್ರೇಮ್ ವಿಷಯ ಶಿರಸಿಗೆ ಹೇಗೆ ಹೋಗುತ್ತಾರೆ ಎನ್ನುವುದರ ಮೇಲಿದೆ. ಕಾರು, ರಿಕ್ಷಾ ಆದರೆ ಮಡಚದ ಫ್ರೇಮೇ ಮೇಲು: ಗಾಲಿ ಕಳಚಿ ಬೆನ್ನು ಮಡಚಿದರೆ ಸೀಟಿನ ಮೇಲೇ ಹಿಡಿಯುತ್ತದೆ, ತಳ್ಳಿದ ಬಲ ಕೀಲುಗಳಲ್ಲಿ ಪೋಲಾಗುವುದಿಲ್ಲ. ದಿನವೂ ಬಸ್ಸೇ ಗತಿ ಎಂದಾದರೆ ಮಡಚುವುದು ಇರಲಿ. ಅಲ್ಯೂಮಿನಿಯಂ ಬಿರುಕು ಬಿಟ್ಟರೆ ಊರಿನ ಗೇಟು ಮಾಡುವ ವೆಲ್ಡರ್ ಹತ್ತಿರ ಒಯ್ಯಬೇಡಿ, ಬೆಸುಗೆಯ ಪಕ್ಕದ ಲೋಹ ಮೆದುವಾಗಿ ಮತ್ತೆ ಅಲ್ಲೇ ಮುರಿಯುತ್ತದೆ. ಮಾಡಿದವರಿಗೇ ಕಳಿಸಬೇಕು, ಆ ದಿನಗಳಿಗೆ ಹಳೆಯ ಕುರ್ಚಿ ಇಟ್ಟುಕೊಂಡಿರಿ.

ಕೊನೆಗೆ ಒಟ್ಟು ಅಗಲ. ಸೀಟಿನ ಅಗಲಕ್ಕೆ 18ರಿಂದ 20 ಸೆಂ.ಮೀ. ಸೇರಿಸಿ, ಗಾಲಿಯ ಓರೆ (ಕೆಳಗೆ ಹೊರಕ್ಕೆ, ಮೇಲೆ ಒಳಕ್ಕೆ ವಾಲುವುದು) ಪ್ರತಿ ಡಿಗ್ರಿಗೆ ನೆಲದ ಮಟ್ಟದಲ್ಲಿ ಮತ್ತೊಂದು ಸೆಂ.ಮೀ. ಕೂಡಿಸುತ್ತದೆ. 2 ಡಿಗ್ರಿ ಓರೆ ಇದ್ದರೆ ತಿರುಗಿಸುವುದು ಹಗುರ, ಬೆರಳು ಗೋಡೆಗೆ ತಾಗುವುದಿಲ್ಲ, ಆದರೆ ಬಚ್ಚಲ ಬಾಗಿಲು ಒಪ್ಪಬೇಕಲ್ಲ. ಬಾಗಿಲನ್ನು ಪೂರ್ತಿ ತೆರೆದು, ಕದದ ದಪ್ಪ ಕಳೆದು ಉಳಿಯುವ ಜಾಗವನ್ನು ಅಳೆಯಿರಿ. ಆ ಸಂಖ್ಯೆ ಮತ್ತು ತಮ್ಮನ ಸೊಂಟದ ಅಳತೆ ಇಲ್ಲಿ ಹಾಕಿದರೆ ಓರೆ ಎಷ್ಟು ಬರೆಯಬಹುದು ಎಂದು ಲೆಕ್ಕ ಹಾಕಿ ಹೇಳುತ್ತೇನೆ.